ಅಮೆರಿಕದ ಆಫರ್ ಲೆಟರ್‌ನಲ್ಲಿ ಬರೆದಿರೋ ಸಂಬಳದಲ್ಲಿ ಕೈಗೆ ಬರೋದೆಷ್ಟು? ಪೆನ್ನು ಪೇಪರ್ ಲೆಕ್ಕ

ಹೋದ ವಾರ ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ, ಇಲ್ಲೇ ಎಂಎಸ್ ಮುಗಿಸಿದಾನೆ, ಡಲ್ಲಾಸ್ ಕಡೆ ಕೆಲಸ ಸಿಕ್ಕಿದೆ, ವರ್ಷಕ್ಕೆ 91,000 ಡಾಲರ್. "ಅಣ್ಣಾ, 12ರಿಂದ ಭಾಗಿಸಿದೆ, ತಿಂಗಳಿಗೆ ಏಳೂವರೆ ಸಾವಿರ ಬರತ್ತೆ, 2,400ರ ಅಪಾರ್ಟ್‌ಮೆಂಟ್ ಒಂದು ನೋಡಿದೀನಿ, ಲೀಸ್ ಸೈನ್ ಮಾಡ್ಲಾ?" ಅಂದ. ಕೂಸು ಹುಟ್ಟೋಕ್ ಮುಂಚೆ ಕುಲಾವಿ. ತಡಿಯೋ ಮಾರಾಯ ಅಂತ ಹೇಳಿ ಫೋನಲ್ಲೇ ಅರ್ಧ ಗಂಟೆ ಕೂತು ಲೆಕ್ಕ ಹಾಕ್ಸಿದೆ, ಆಮೇಲೆ ಅನ್ನಿಸ್ತು ಇದನ್ನೇ ಬರೆದಿಟ್ರೆ ಇನ್ನೊಬ್ಬರಿಗೂ ಆಗತ್ತಲ್ಲ ಅಂತ.

ಅವನ ರೂಮ್‌ಮೇಟ್ ಉಲ್ಟಾ ಕೇಸು. "22% ಬ್ರಾಕೆಟ್ ಅಂತೆ, ಅದರ ಮೇಲೆ 7.65 ಬೇರೆ ಅಂತೆ, ಸಂಬಳದಲ್ಲಿ ಮೂರನೇ ಒಂದು ಭಾಗ ಗೋವಿಂದ" ಅಂತ ತಲೆ ಮೇಲೆ ಕೈ ಇಟ್ಕೊಂಡು ಕೂತಿದ್ದ. ಇಬ್ಬರದ್ದೂ ತಪ್ಪು. ಶೇಕಡಾವಾರು ದರ ಎಲ್ರಿಗೂ ಗೊತ್ತಿರತ್ತೆ, ಯಾವ ಟ್ಯಾಕ್ಸು ಯಾವ ಮೊತ್ತದ ಮೇಲೆ ಬೀಳತ್ತೆ ಅನ್ನೋದು ಗೊತ್ತಿರಲ್ಲ, ಎಡವೋದು ಅಲ್ಲೇ. ಸಂಬಳ ಒಂದೇ ಆದ್ರೂ ಫೆಡರಲ್ ಟ್ಯಾಕ್ಸ್‌ಗೆ ಒಂದು ಮೊತ್ತ, ಸೋಶಿಯಲ್ ಸೆಕ್ಯುರಿಟಿ ಅನ್ನೋ ಸರ್ಕಾರಿ ಪಿಂಚಣಿಗೆ ಇನ್ನೊಂದು ಮೊತ್ತ, ಕೆಲವು ಸ್ಟೇಟ್‌ಗಳಿಗೆ ಮತ್ತೊಂದು. ಈ ಮೂರು ಮೊತ್ತ ಸರಿಯಾಗಿ ಹಿಡಿದ್ರೆ ಮಿಕ್ಕಿದ್ದು ನಾಲ್ಕನೇ ಕ್ಲಾಸಿನ ಗುಣಾಕಾರ.

ಮೊದಲನೇದು, 12ರಿಂದ ಭಾಗಿಸೋದನ್ನ ಬಿಡಿ. ಇಲ್ಲಿ ಬಹಳ ಕಂಪನಿಗಳು ಎರಡು ವಾರಕ್ಕೊಂದು ಸಲ ಸಂಬಳ ಹಾಕ್ತವೆ, ಅಂದ್ರೆ ವರ್ಷಕ್ಕೆ 26 ಪೇಚೆಕ್. ಇನ್ನು ಕೆಲವು ತಿಂಗಳಿಗೆ ಎರಡು ಸಲ, 15ಕ್ಕೂ ತಿಂಗಳ ಕೊನೆಗೂ, ಅಲ್ಲಿ 24. ಎರಡೂ ಒಂದೇ ಅಂತ ಕಾಣತ್ತೆ ಆದ್ರೆ ಅಲ್ಲ. 26ರ ಲೆಕ್ಕದಲ್ಲಿ ಪ್ರತಿ ಪೇಚೆಕ್ ಸ್ವಲ್ಪ ಚಿಕ್ಕದು, ಹತ್ತು ತಿಂಗಳು ಎರಡೆರಡೇ ಬರತ್ತೆ, ಎರಡು ತಿಂಗಳು ಮಾತ್ರ ಮೂರು ಬರತ್ತೆ. ಬಾಡಿಗೆ, ಕಾರಿನ ಕಂತು ಇವನ್ನೆಲ್ಲ ಎರಡು ಪೇಚೆಕ್‌ನಲ್ಲೇ ಹೊಂದಿಸಿಬಿಡಿ, ಆ ಮೂರನೇದು ಬಂದಾಗ ಊರಿಗೆ ಟಿಕೆಟ್ಟೋ ಇನ್ನೇನೋ ನೋಡ್ಕೊಳ್ಳಿ. ನಮ್ಮ ಹುಡುಗನ 91,000ವನ್ನ 26ರಿಂದ ಭಾಗಿಸಿದ್ರೆ ಸರಿಯಾಗಿ 3,500.

ಈಗ ಟ್ಯಾಕ್ಸ್‌ಗೂ ಮುಂಚೆ ಹೋಗೋದು ಯಾವುದು ಅಂತ ನೋಡೋಣ. ಸಾಮಾನ್ಯವಾಗಿ ಎರಡು ಇರತ್ತೆ, ಹೆಲ್ತ್ ಇನ್ಶೂರೆನ್ಸ್ ಪ್ರೀಮಿಯಂ, ಮತ್ತೆ 401ಕೆ ಅಂತಾರಲ್ಲ ಆ ರಿಟೈರ್‌ಮೆಂಟ್ ಖಾತೆ. ಎರಡೂ ಪ್ರೀಟ್ಯಾಕ್ಸ್ ಅಂತಾನೇ ಎಚ್‌ಆರ್ ಹೇಳೋದು, ಆದ್ರೆ ಎರಡರ ನಡವಳಿಕೆ ಬೇರೆ ಬೇರೆ. ಕಂಪನಿ ಮೂಲಕ ಕಟ್ಟೋ ಇನ್ಶೂರೆನ್ಸ್ ಪ್ರೀಮಿಯಂಗೆ ಸಾಮಾನ್ಯವಾಗಿ ಫೆಡರಲ್ ಇನ್‌ಕಮ್ ಟ್ಯಾಕ್ಸೂ ಇಲ್ಲ, ಸೋಶಿಯಲ್ ಸೆಕ್ಯುರಿಟಿನೂ ಇಲ್ಲ, ವಯಸ್ಸಾದೋರ ಆರೋಗ್ಯ ವಿಮೆಗೆ ಹೋಗೋ ಮೆಡಿಕೇರೂ ಇಲ್ಲ. 401ಕೆಗೆ ಹಾಕಿದ ದುಡ್ಡಿಗೆ ಇನ್‌ಕಮ್ ಟ್ಯಾಕ್ಸ್ ಮಾತ್ರ ಇವತ್ತು ಇಲ್ಲ, ಸೋಶಿಯಲ್ ಸೆಕ್ಯುರಿಟಿ ಮೆಡಿಕೇರ್ ಎರಡೂ ಇದೆ. ರಾತ್ 401ಕೆ ತಗೊಂಡ್ರೆ ಇನ್‌ಕಮ್ ಟ್ಯಾಕ್ಸೂ ಇವತ್ತೇ ಕಟ್ಟಬೇಕು. ಆನ್‌ಲೈನ್ ಕ್ಯಾಲ್ಕ್ಯುಲೇಟರ್ ತೋರಿಸಿದ್ದಕ್ಕೂ ಪೇಸ್ಟಬ್‌ಗೂ (ಸಂಬಳದ ಚೀಟಿ) ಹತ್ತಿಪ್ಪತ್ತು ಡಾಲರ್ ವ್ಯತ್ಯಾಸ ಬಂತು ಅಂತ ಕೇಳೋರಿದಾರಲ್ಲ, ಹೆಚ್ಚಿನ ಸಲ ಅಲ್ಲಿ ಆಗಿರೋದು ಇದೇ, ಪ್ರೀಮಿಯಂನ 401ಕೆ ಥರ ಅಥವಾ 401ಕೆನ ಪ್ರೀಮಿಯಂ ಥರ ಹಾಕಿರ್ತಾರೆ.

ಲೆಕ್ಕಕ್ಕೆ ಬರೋಣ. ಪ್ರೀಮಿಯಂ ಪೇಚೆಕ್‌ಗೆ 100 ಅಂತ ಇಟ್ಕೊಳ್ಳಿ, ವರ್ಷಕ್ಕೆ 2,600. 401ಕೆಗೆ 6% ಹಾಕ್ತಾನೆ, ಪೇಚೆಕ್‌ಗೆ 210, ವರ್ಷಕ್ಕೆ 5,460. ಇದನ್ನೆಲ್ಲ ವರ್ಷದ ಲೆಕ್ಕದಲ್ಲೇ ಮಾಡಿ ಕೊನೆಗೆ 26ರಿಂದ ಭಾಗಿಸೋದು ಸುಲಭ, ಯಾಕಂದ್ರೆ ಸ್ಲ್ಯಾಬುಗಳೆಲ್ಲ ವರ್ಷದ ಲೆಕ್ಕದಲ್ಲೇ ಇರೋದು.

ಫೆಡರಲ್ ಇನ್‌ಕಮ್ ಟ್ಯಾಕ್ಸ್ ಬೀಳೋ ಮೊತ್ತ: 91,000ದಲ್ಲಿ 2,600 ಹೋಯ್ತು, 5,460 ಹೋಯ್ತು, ಉಳಿದಿದ್ದು 82,940. ಅದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೀಬೇಕು, 2026ಕ್ಕೆ ಒಬ್ಬರೇ ಇರೋರಿಗೆ 16,100, ಗಂಡ ಹೆಂಡತಿ ಜೊತೆಗೆ ಫೈಲ್ ಮಾಡಿದ್ರೆ 32,200. ನಮ್ಮ ಹುಡುಗ ಒಂಟಿ, ಸೋ 66,840.

ಈ 66,840ಕ್ಕೆ ಪೂರ್ತಿ 22% ಅಲ್ಲ ಸ್ವಾಮಿ. ನಮ್ಮೂರಿನ ಸ್ಲ್ಯಾಬ್ ಥರಾನೇ, ಮೆಟ್ಟಿಲು ಮೆಟ್ಟಿಲಾಗಿ ಏರತ್ತೆ. 2026ರಲ್ಲಿ ಒಂಟಿಯಾಗಿರೋರಿಗೆ ಮೊದಲ 12,400ಕ್ಕೆ 10%, ಅಲ್ಲಿಂದ 50,400ರ ತನಕ 12%, ಅಲ್ಲಿಂದ 1,05,700ರ ತನಕ 22%, ಅದರ ಮೇಲೆ 2,01,775ರ ತನಕ 24%, ಆಮೇಲೆ 32, 35, 37 ಅಂತ ಹೋಗತ್ತೆ, ಅಲ್ಲಿಗೆ ಹೋದೋರು ಈ ಲೇಖನ ಓದ್ತಾ ಕೂತಿರಲ್ಲ ಬಿಡಿ.

12,400ಕ್ಕೆ 10% ಅಂದ್ರೆ 1,240
ಮುಂದಿನ 38,000ಕ್ಕೆ 12% ಅಂದ್ರೆ 4,560
ಮಿಕ್ಕ 16,440ಕ್ಕೆ 22% ಅಂದ್ರೆ 3,616.80
ಒಟ್ಟು 9,416.80, ಪೇಚೆಕ್‌ಗೆ 362.18

91,000 ಸಂಬಳಕ್ಕೆ ಒಂಬತ್ತು ಸಾವಿರ ಚಿಲ್ಲರೆ, ಅಂದ್ರೆ ಹತ್ತು ಪರ್ಸೆಂಟ್‌ಗಿಂತ ಸ್ವಲ್ಪ ಜಾಸ್ತಿ. ರೂಮ್‌ಮೇಟ್ ಹೆದರಿದ್ದು ಇಪ್ಪತ್ತು ಸಾವಿರಕ್ಕೆ. "ರೈಸ್ (ಸಂಬಳ ಏರಿಕೆ) ಸಿಕ್ಕಿದ್ರೆ ಮುಂದಿನ ಬ್ರಾಕೆಟ್‌ಗೆ ಹೋಗಿ ಕೈಗೆ ಬರೋದೇ ಕಮ್ಮಿ ಆಗತ್ತೆ" ಅನ್ನೋ ಮಾತು ಪ್ರತಿ ಪಾಟ್‌ಲಕ್‌ನಲ್ಲೂ ಕೇಳ್ತೀನಿ, ಹಾಗೆಲ್ಲ ಆಗಲ್ಲ, ಗೆರೆ ದಾಟಿದ ಡಾಲರ್‌ಗಷ್ಟೇ ಮೇಲಿನ ದರ.

ಇನ್ನು ಪೇರೋಲ್ ಟ್ಯಾಕ್ಸ್, ಪೇಸ್ಟಬ್‌ನಲ್ಲಿ ಫೈಕಾ ಅಂತ ಇರತ್ತೆ, ಕೆಲವು ಕಡೆ ಓಎಎಸ್‌ಡಿಐ ಅಂತ ಬರೆದಿರ್ತಾರೆ ನೋಡಿ ಗಾಬರಿ ಬೀಳ್ಬೇಡಿ, ಅದು ಸೋಶಿಯಲ್ ಸೆಕ್ಯುರಿಟಿನೇ. ಸೋಶಿಯಲ್ ಸೆಕ್ಯುರಿಟಿ 6.2%, ಮೆಡಿಕೇರ್ 1.45%, ಸೇರಿ 7.65%. ಇಷ್ಟೇ ಮೊತ್ತ ಕಂಪನಿನೂ ತನ್ನ ಕಡೆಯಿಂದ ಕಟ್ಟತ್ತೆ, ಅದು ನಿಮ್ಮ ಸಂಬಳದಿಂದ ಹೋಗಲ್ಲ. ಇದಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ನೂ ಇಲ್ಲ, ಸ್ಲ್ಯಾಬೂ ಇಲ್ಲ, ಮೊದಲ ಡಾಲರ್‌ನಿಂದಲೇ ಕಟ್. ಮೊತ್ತ ಎಷ್ಟು? 91,000ದಲ್ಲಿ ಪ್ರೀಮಿಯಂ 2,600 ಮಾತ್ರ ಕಳೀಬೇಕು, 401ಕೆ ಕಳೆಯಂಗಿಲ್ಲ. 88,400. ಅದಕ್ಕೆ 7.65% ಅಂದ್ರೆ 6,762.60, ಪೇಚೆಕ್‌ಗೆ 260.10.

ಈಗ 3,500ರಲ್ಲಿ 210, 100, 362.18, 260.10 ಎಲ್ಲ ಕಳೆದ್ರೆ ಕೈಗೆ 2,567.72. ಎರಡು ಪೇಚೆಕ್ ಇರೋ ತಿಂಗಳು 5,135. ಏಳೂವರೆ ಸಾವಿರ ಅಂದ್ಕೊಂಡೋನಿಗೆ ಐದು ಸಾವಿರ, 2,400 ಬಾಡಿಗೆ ಕೊಟ್ರೆ ಹತ್ತಿರ ಹತ್ತಿರ ಅರ್ಧ ಅಲ್ಲೇ ಹೋಯ್ತು. ಫೋನಲ್ಲಿ ಸ್ವಲ್ಪ ಹೊತ್ತು ಮಾತೇ ಇಲ್ಲ.

ಆಮೇಲೆ ಪಾಪ ಅನ್ನಿಸಿ ಕೇಳಿದೆ, ನೀನಿನ್ನೂ ಓಪಿಟಿ (ಓದು ಮುಗಿದ ಮೇಲೆ ಸ್ಟೂಡೆಂಟ್ ವೀಸಾದಲ್ಲೇ ಕೆಲಸ ಮಾಡೋ ಅನುಮತಿ) ಮೇಲೆ ತಾನೇ ಇರೋದು ಅಂತ. ಹೌದು ಅಂದ. ಹಂಗಾದ್ರೆ ಆ 260.10 ನಿಂಗೆ ಕಟ್ ಆಗಂಗಿಲ್ಲ! ಎಫ್-1 ಸ್ಟೂಡೆಂಟ್ ವೀಸಾ ಮೇಲಿದ್ದು ಟ್ಯಾಕ್ಸ್ ಲೆಕ್ಕದಲ್ಲಿ ನಾನ್‌ರೆಸಿಡೆಂಟ್ ಆಗಿರೋರಿಗೆ ಓಪಿಟಿ ಸಮಯದಲ್ಲಿ ಸೋಶಿಯಲ್ ಸೆಕ್ಯುರಿಟಿ ಮೆಡಿಕೇರ್ ಎರಡೂ ಇಲ್ಲ. ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ನಾನ್‌ರೆಸಿಡೆಂಟ್ ಅಂತಾನೇ ಲೆಕ್ಕ, ಕ್ಯಾಲೆಂಡರ್ ವರ್ಷ ಅಂದ್ರೆ ಡಿಸೆಂಬರ್ 28ಕ್ಕೆ ವಿಮಾನ ಇಳಿದಿದ್ರೂ ಆ ವರ್ಷ ಒಂದು ಅಂತ ಎಣಿಸ್ತಾರೆ. ಇವನು 2024ರ ಆಗಸ್ಟ್‌ನಲ್ಲಿ ಬಂದಿದ್ದು, ಸೋ 24, 25, 26, 27, 28. ಅಲ್ಲೀತನಕ ಎಫ್-1ನಲ್ಲೇ ಇದ್ರೆ ಕಟ್ ಇಲ್ಲ, ಮಧ್ಯದಲ್ಲಿ ಎಚ್-1ಬಿ ಅನ್ನೋ ಕೆಲಸದ ವೀಸಾ ಸಿಕ್ಕಿದ್ರೆ ಅದು ಶುರು ಆದ ದಿನದಿಂದಲೇ ಪೂರ್ತಿ 7.65% ಹೋಗತ್ತೆ. ಸದ್ಯಕ್ಕೆ ಅವನಿಗೆ ಕೈಗೆ ಬರೋದು 2,827.82.

ಖುಷಿ ಆದ ನೋಡಿ, ಆದ್ರೆ ನಾನು ಹೇಳಿದ್ದು ಬಾಡಿಗೆ ಮಾತ್ರ 2,567ರ ಲೆಕ್ಕದಲ್ಲೇ ಹಿಡಿ ಅಂತ. ಎಚ್-1ಬಿ ಬಂದ ಖುಷಿಲಿ ಕೇಕ್ ಕತ್ತರಿಸಿ, ಮುಂದಿನ ಪೇಚೆಕ್‌ನಲ್ಲಿ 260 ಕಮ್ಮಿ ನೋಡಿ ಎಚ್‌ಆರ್ ಜೊತೆ ಜಗಳಕ್ಕೆ ಹೋದೋರನ್ನ ನೋಡಿದೀನಿ. ಇದರ ಉಲ್ಟಾನೂ ಆಗತ್ತೆ, ಸಣ್ಣ ಕಂಪನಿಗಳ ಪೇರೋಲ್‌ನೋರಿಗೆ ಈ ಓಪಿಟಿ ವಿಷಯ ಗೊತ್ತಿರಲ್ಲ, ಸುಮ್ನೆ ಎಲ್ಲರ ಥರ ಕಟ್ ಮಾಡಿಬಿಡ್ತಾರೆ. ಮೊದಲನೇ ಪೇಸ್ಟಬ್‌ನಲ್ಲೇ ನೋಡಿ ಮೇಲ್ ಹಾಕಿ, ಅವರೇ ವಾಪಸ್ ಕೊಡಬೇಕು. ಕೊಡದಿದ್ರೆ ಫಾರ್ಮ್ 843 ಜೊತೆ 8316 ಸೇರಿಸಿ ಇಲ್ಲಿನ ಟ್ಯಾಕ್ಸ್ ಇಲಾಖೆ ಐಆರ್‌ಎಸ್‌ಗೆ ಕಳಿಸೋ ದಾರಿ ಇದೆ, ಆದ್ರೆ ಅದು ತಿಂಗಳುಗಟ್ಟಲೆ ಕಾಯೋ ಕೆಲಸ.

ಎಚ್-1ಬಿಲಿ ಇರೋರು ಕೇಳೋ ಮಾಮೂಲಿ ಪ್ರಶ್ನೆ, ಈ ಸೋಶಿಯಲ್ ಸೆಕ್ಯುರಿಟಿ ದುಡ್ಡು ಊರಿಗೆ ವಾಪಸ್ ಹೋದ್ರೆ ಸಿಗತ್ತಾ ಅಂತ. ನಮ್ಮ ಪಿಎಫ್ ಥರ ಹಿಂದಕ್ಕೆ ತಗೊಳ್ಳೋ ದುಡ್ಡಲ್ಲ ಅದು. 40 ಕ್ರೆಡಿಟ್ ಬೇಕು, ವರ್ಷಕ್ಕೆ ನಾಲ್ಕೇ ಸಿಗೋದು, ಅಂದ್ರೆ ಹತ್ತು ವರ್ಷದ ದುಡಿಮೆ. ಬೇರೆ ಎಷ್ಟೋ ದೇಶಗಳ ಜೊತೆ ಅಮೆರಿಕಕ್ಕೆ ಈ ವಿಷಯದಲ್ಲಿ ಒಪ್ಪಂದ ಇದೆ, ಭಾರತದ ಜೊತೆ ಇಲ್ಲ. ಹೊಟ್ಟೆ ಉರಿಯೋ ವಿಷಯಾನೇ, ಆದ್ರೆ ಕೈಗೆ ಬರೋ ಲೆಕ್ಕ ಹಾಕುವಾಗ ಅದು ಹೋಯ್ತು ಅಂತಾನೇ ಬರ್ಕೊಳ್ಳಿ.

ಸೋಶಿಯಲ್ ಸೆಕ್ಯುರಿಟಿಗೆ ಮೇಲ್ಮಿತಿ ಒಂದಿದೆ, 2026ಕ್ಕೆ 1,84,500 ಡಾಲರ್ ಸಂಬಳದ ತನಕ ಮಾತ್ರ ಆ 6.2%. ಅದಕ್ಕಿಂತ ಜಾಸ್ತಿ ದುಡಿಯೋರಿಗೆ ವರ್ಷದ ಕೊನೆಯಲ್ಲಿ ಪೇಚೆಕ್ ತಾನಾಗೇ ದಪ್ಪ ಆಗತ್ತೆ, ರೈಸ್ ಅಂದ್ಕೋಬೇಡಿ, ಜನವರಿಗೆ ಮತ್ತೆ ಸಣ್ಣ ಆಗತ್ತೆ. ಮಧ್ಯದಲ್ಲಿ ಕಂಪನಿ ಬದಲಾಯಿಸಿದ್ರೆ ಹೊಸ ಕಂಪನಿ ಮೊದಲಿಂದ ಎಣಿಸತ್ತೆ, ಜಾಸ್ತಿ ಹೋಗಿದ್ದು ರಿಟರ್ನ್ ಫೈಲ್ ಮಾಡುವಾಗ ಸಿಗತ್ತೆ. ಮೆಡಿಕೇರ್‌ಗೆ ಮೇಲ್ಮಿತಿ ಇಲ್ಲ, ಬದಲಿಗೆ 2,00,000 ದಾಟಿದ ಮೇಲೆ ಇನ್ನೊಂದು 0.9% ಸೇರ್ಕೊಳ್ಳತ್ತೆ.

ಸ್ಟೇಟ್ ಟ್ಯಾಕ್ಸ್ ವಿಷಯಕ್ಕೆ ಬಂದ್ರೆ, ನಮ್ಮ ಹುಡುಗನ ಡಲ್ಲಾಸ್ ಇರೋದು ಟೆಕ್ಸಾಸ್‌ನಲ್ಲಿ, ಅಲ್ಲಿ ಸಂಬಳದ ಮೇಲೆ ಸ್ಟೇಟ್ ಟ್ಯಾಕ್ಸೇ ಇಲ್ಲ. ಫ್ಲೋರಿಡಾ, ಟೆನೆಸಿ, ನೆವಾಡಾ, ವಾಷಿಂಗ್ಟನ್, ನ್ಯೂ ಹ್ಯಾಂಪ್‌ಶೈರ್, ವೈಯೋಮಿಂಗ್, ಸೌತ್ ಡಕೋಟಾ, ಅಲಾಸ್ಕಾ ಕೂಡ ಹಂಗೇ. ಇದೇ 91,000 ಶಿಕಾಗೋದಲ್ಲಿ ಆಗಿದ್ರೆ ಇಲಿನಾಯ್ಸ್ 4.95% ಅಂತ ಒಂದೇ ದರದಲ್ಲಿ ಮುರ್ಕೊಳ್ಳತ್ತೆ, ಅದೂ 401ಕೆ ಕಳೆದ 82,940ರಲ್ಲಿ ಸಣ್ಣದೊಂದು ವಿನಾಯಿತಿ ಬಿಟ್ಟು, ಸುಮಾರು 4,000, ಪೇಚೆಕ್‌ಗೆ 150ರ ಆಸುಪಾಸು. ಪೆನ್ಸಿಲ್ವೇನಿಯಾದಲ್ಲಿ ದರ 3.07% ಅಷ್ಟೇ, ಆದ್ರೆ ಅವರು 401ಕೆಗೆ ಹಾಕಿದ ದುಡ್ಡನ್ನೂ ಸಂಬಳ ಅಂತಾನೇ ಹಿಡೀತಾರೆ, ಮೇಲೆ ಊರಿನ ಟ್ಯಾಕ್ಸ್ ಬೇರೆ. ಒಹಾಯೋದಲ್ಲೂ ಊರಿನ ಟ್ಯಾಕ್ಸ್ ಇದೆ, ಕೊಲಂಬಸ್‌ನಲ್ಲಿ 2.5%, ಸ್ಟೇಟ್ ಟ್ಯಾಕ್ಸ್ ಕಮ್ಮಿ ಅಂತ ಹೋದೋರು ಇದನ್ನ ನೋಡಿ ಬೆಚ್ಚಿ ಬೀಳ್ತಾರೆ.

ಜರ್ಸಿ ಸಿಟಿ, ಎಡಿಸನ್ ಕಡೆ ಮನೆ, ಕೆಲಸ ಮ್ಯಾನ್‌ಹ್ಯಾಟನ್ ಅನ್ನೋರು ನ್ಯೂಯಾರ್ಕ್ ಸ್ಟೇಟ್‌ಗೆ ಕಟ್ಟಬೇಕು, ನ್ಯೂಜೆರ್ಸಿ ಅದಕ್ಕೆ ಕ್ರೆಡಿಟ್ ಕೊಡತ್ತೆ, ನ್ಯೂಯಾರ್ಕ್ ಸಿಟಿಯ ಸ್ವಂತ ಟ್ಯಾಕ್ಸ್ ಮಾತ್ರ ಸಿಟಿ ಒಳಗೆ ವಾಸ ಇರೋರಿಗಷ್ಟೇ. ಕ್ಯಾಲಿಫೋರ್ನಿಯಾದಲ್ಲಿ ಸ್ಟೇಟ್ ಟ್ಯಾಕ್ಸ್ ಜೊತೆ ಎಸ್‌ಡಿಐ (ಅಂಗವೈಕಲ್ಯ ವಿಮೆ) ಅಂತ ಇನ್ನೊಂದು ಸಾಲು ಇರತ್ತೆ, 2024ರಿಂದ ಅದಕ್ಕೆ ಸಂಬಳದ ಮೇಲ್ಮಿತಿನೂ ತೆಗೆದುಬಿಟ್ರು. ವಾಷಿಂಗ್ಟನ್‌ನಲ್ಲಿ ಇನ್‌ಕಮ್ ಟ್ಯಾಕ್ಸ್ ಇಲ್ಲ ಅಂದ್ರೂ ಡಬ್ಲ್ಯೂಎ ಕೇರ್ಸ್ ಅನ್ನೋ ದೀರ್ಘಕಾಲದ ಆರೈಕೆ ವಿಮೆಗೆ ಅಂತ 0.58% ಹೋಗತ್ತೆ, ಎಚ್-1ಬಿ ಥರ ತಾತ್ಕಾಲಿಕ ವೀಸಾದಲ್ಲಿರೋರಿಗೆ ಅದರಿಂದ ವಿನಾಯಿತಿ ಇದೆ. ಎಚ್‌ಎಸ್‌ಎ ಅಂತ ಮೆಡಿಕಲ್ ಖಾತೆ ಇದ್ರೆ ಪೇರೋಲ್ ಮೂಲಕ ಹಾಕಿ, ಪ್ರೀಮಿಯಂ ಥರ ಫೈಕಾನೂ ಉಳಿಯತ್ತೆ, ಆದ್ರೆ ಕ್ಯಾಲಿಫೋರ್ನಿಯಾ ಮತ್ತೆ ನ್ಯೂಜೆರ್ಸಿ ಮಾತ್ರ ಅದಕ್ಕೆ ಸ್ಟೇಟ್ ಟ್ಯಾಕ್ಸ್ ಹಾಕೇ ಹಾಕ್ತವೆ.

"ಹಂಗಾದ್ರೆ 401ಕೆ ನಿಲ್ಲಿಸಿಬಿಡ್ತೀನಿ, 210 ಕೈಗೆ ಬರತ್ತಲ್ಲ" ಅಂದ ನಮ್ಮ ಹುಡುಗ. ಬರಲ್ಲ. ಆ 210 ಅವನ ಮೇಲಿನ ಮೆಟ್ಟಿಲಿನ ದುಡ್ಡು, ಅದಕ್ಕೆ 22% ಟ್ಯಾಕ್ಸ್ ಬಿದ್ದು ಕೈಗೆ ಬರೋದು 163.80. ಕಂಪನಿ ಮ್ಯಾಚಿಂಗ್ (ನೀವು ಹಾಕಿದ್ದಕ್ಕೆ ಕಂಪನಿನೂ ಸೇರಿಸೋ ದುಡ್ಡು) ಕೊಡ್ತಾ ಇದ್ರೆ ಅದೂ ಹೋಗತ್ತೆ. ಮ್ಯಾಚ್ ಎಲ್ಲೀತನಕ ಇದೆಯೋ ಅಲ್ಲೀತನಕ ಆದ್ರೂ ಹಾಕು ಅಂತ ನನ್ನ ಅಭಿಪ್ರಾಯ, ಎರಡು ವರ್ಷದಲ್ಲಿ ಊರಿಗೆ ವಾಪಸ್ ಹೋಗೋ ಪ್ಲಾನ್ ಇದ್ರೆ ಮಾತ್ರ ಮ್ಯಾಚಿಂಗ್ ದುಡ್ಡು ನಿಮ್ಮದಾಗೋಕೆ ಎಷ್ಟು ವರ್ಷ ಬೇಕು ಅಂತ ಎಚ್‌ಆರ್ ಹತ್ರ ಮೊದಲೇ ಕೇಳ್ಕೊಳ್ಳಿ.

ಬೋನಸ್ ವಿಷಯ. 10,000 ಜಾಯ್ನಿಂಗ್ ಬೋನಸ್ ಅಂದ್ರೆ ಬಹಳ ಕಂಪನಿಗಳು ಅದಕ್ಕೆ ಸೀದಾ 22% ಫೆಡರಲ್ ಹಿಡ್ಕೊಳ್ತವೆ, 7.65% ಫೈಕಾ ಬೇರೆ, ಟೆಕ್ಸಾಸ್‌ನಲ್ಲಿ ಕೈಗೆ 7,035. ಬೋನಸ್‌ಗೆ ಟ್ಯಾಕ್ಸೇ ಜಾಸ್ತಿ ಅಂತಾರಲ್ಲ, ಟ್ಯಾಕ್ಸ್ ಜಾಸ್ತಿ ಅಲ್ಲ, ಹಿಡ್ಕೊಳ್ಳೋ ರೀತಿ ಬೇರೆ ಅಷ್ಟೇ, ವರ್ಷದ ಕೊನೆಗೆ ಅದೂ ಸಂಬಳದ ಜೊತೆನೇ ಸೇರಿ ಅದೇ ಮೆಟ್ಟಿಲು ಹತ್ತತ್ತೆ. ಕಂಪನಿ ಷೇರು ಕೊಟ್ಟಾಗಲೂ ಸಾಮಾನ್ಯವಾಗಿ ಇದೇ 22%, ಹಂಗಾಗಿ 32% ಮೆಟ್ಟಿಲಲ್ಲಿರೋರಿಗೆ ಏಪ್ರಿಲ್‌ನಲ್ಲಿ ಬಿಲ್ ಬರತ್ತೆ.

ಪೇಚೆಕ್‌ನಲ್ಲಿ ಕಟ್ ಆಗೋದು ಅಂದಾಜು ಮಾತ್ರ, ಅಸಲಿ ಟ್ಯಾಕ್ಸ್ ಗೊತ್ತಾಗೋದು ಮುಂದಿನ ವರ್ಷ ರಿಟರ್ನ್ ಫೈಲ್ ಮಾಡುವಾಗ. ಪೇರೋಲ್ ಸಾಫ್ಟ್‌ವೇರ್ ಒಂದೊಂದು ಪೇಚೆಕ್ ನೋಡಿದಾಗಲೂ ಇವನು ವರ್ಷಪೂರ್ತಿ ಇಷ್ಟೇ ದುಡೀತಾನೆ ಅಂತ ಅಂದ್ಕೊಳ್ಳತ್ತೆ. ನಮ್ಮ ಹುಡುಗ ಸೇರೋದು ಜುಲೈನಲ್ಲಿ, 13 ಪೇಚೆಕ್ ಬರತ್ತೆ, ಪ್ರತಿಯೊಂದರಲ್ಲೂ 362 ಹೋದ್ರೆ 4,708. ಆದ್ರೆ ಅವನ ಆರು ತಿಂಗಳ ಸಂಬಳಕ್ಕೆ ನಿಜವಾಗಿ ಬೀಳೋ ಟ್ಯಾಕ್ಸು 2,796 ಅಷ್ಟೇ, 22ರ ಮೆಟ್ಟಿಲು ಹತ್ತೋದೇ ಇಲ್ಲ. 1,900 ಡಾಲರ್ ರೀಫಂಡ್. ಭಾರತದಿಂದ ಬಂದ ಸ್ಟೂಡೆಂಟ್‌ಗಳಿಗೆ ಎರಡು ದೇಶಗಳ ಟ್ಯಾಕ್ಸ್ ಒಪ್ಪಂದದ ಪ್ರಕಾರ ನಾನ್‌ರೆಸಿಡೆಂಟ್ ಆಗಿದ್ರೂ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗತ್ತೆ, ಅದಕ್ಕೇ ಈ ಲೆಕ್ಕ ಅವನಿಗೆ ಸರಿ. ಊರಿಂದ ಸೀದಾ ಎಚ್-1ಬಿ ಮೇಲೆ ವರ್ಷದ ಮಧ್ಯದಲ್ಲಿ ಇಳಿದೋರು ಇದನ್ನ ಕಾಪಿ ಹೊಡೀಬೇಡಿ, ಅವರದ್ದು ಆ ವರ್ಷ ಅರ್ಧ ನಾನ್‌ರೆಸಿಡೆಂಟ್ ಅರ್ಧ ರೆಸಿಡೆಂಟ್ ಆಗತ್ತೆ, ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗಲ್ಲ.

ಪೇಚೆಕ್‌ನಲ್ಲಿ ಎಷ್ಟು ಟ್ಯಾಕ್ಸ್ ಹಿಡೀಬೇಕು ಅಂತ ಕಂಪನಿಗೆ ತಿಳಿಸೋಕೆ ಕೆಲಸಕ್ಕೆ ಸೇರೋ ದಿನ ತುಂಬ್ಸೋ ಡಬ್ಲ್ಯೂ-4 ಫಾರ್ಮ್‌ನಲ್ಲಿ ನಾನೇ ಒಂದು ಸಲ ಸರಿಯಾಗಿ ಬಿದ್ದಿದೀನಿ. ನನ್ನ ಹೆಂಡತಿಗೆ ಕೆಲಸ ಸಿಕ್ಕಿದ ವರ್ಷ ಇಬ್ಬರೂ ಅವರವರ ಆಫೀಸಲ್ಲಿ ಮ್ಯಾರೀಡ್ ಫೈಲಿಂಗ್ ಜಾಯಿಂಟ್ಲಿ ಅಂತ ಟಿಕ್ ಮಾಡಿದ್ವಿ, ಎರಡನೇ ಸ್ಟೆಪ್‌ನಲ್ಲಿ ಇಬ್ಬರೂ ದುಡೀತಾರೆ ಅನ್ನೋದಕ್ಕೆ ಇರೋ ಸಣ್ಣ ಡಬ್ಬಿ ಖಾಲಿ ಬಿಟ್ವಿ. ಎರಡೂ ಪೇರೋಲ್‌ನೋರು ಈ ಮನೇಲಿ ದುಡಿಯೋದು ಇವರೊಬ್ಬರೇ ಅಂದ್ಕೊಂಡು ಇಬ್ಬರ ಪೂರ್ತಿ ಸ್ಟ್ಯಾಂಡರ್ಡ್ ಡಿಡಕ್ಷನ್ನನ್ನ ಎರಡು ಸಲ ಕೊಟ್ರು, ವರ್ಷವೆಲ್ಲ ಪೇಚೆಕ್ ದಪ್ಪ ದಪ್ಪ ಬಂತು, ನಾವೂ ಎಂಥ ಚೆನ್ನಾಗಿದೆ ಅಂತ ಸೋಫಾ ತಗೊಂಡ್ವಿ ಟೀವಿ ತಗೊಂಡ್ವಿ, ಏಪ್ರಿಲ್ 15ಕ್ಕೆ ಏಳು ಸಾವಿರ ಚಿಲ್ಲರೆ ಕಟ್ಟು ಅಂತ ಬಂತು, ಮೇಲೆ ಕಮ್ಮಿ ಕಟ್ಟಿದ್ದಕ್ಕೆ ದಂಡ. ಆ ಸೋಫಾನ ಇವತ್ತಿಗೂ ಐಆರ್‌ಎಸ್ ಸೋಫಾ ಅಂತಾನೇ ಕರಿಯೋದು ನಾವು. ಎಚ್-4 ಇಎಡಿ (ಎಚ್-1ಬಿಯೋರ ಗಂಡ ಅಥವಾ ಹೆಂಡತಿಗೆ ಸಿಗೋ ಕೆಲಸದ ಅನುಮತಿ) ಸಿಕ್ಕಿ ಇಬ್ಬರೂ ಕೆಲಸಕ್ಕೆ ಹೋಗೋರು ಆ ಡಬ್ಬಿನ ಎರಡೂ ಫಾರ್ಮ್‌ನಲ್ಲಿ ಟಿಕ್ ಮಾಡಿ. ಹಳಬರು ಹೇಳೋ "ಝೀರೋ ಹಾಕು, ಒಂದು ಹಾಕು" ಅನ್ನೋ ಸಲಹೆ ಕೇಳ್ಬೇಡಿ, ಆ ಅಲವೆನ್ಸ್ ಪದ್ಧತಿ 2020ರಲ್ಲೇ ಫಾರ್ಮ್‌ನಿಂದ ಹೋಯ್ತು. ಅನುಮಾನ ಇದ್ರೆ ಐಆರ್‌ಎಸ್‌ನದ್ದೇ ವಿತ್‌ಹೋಲ್ಡಿಂಗ್ ಎಸ್ಟಿಮೇಟರ್ ಇದೆ ಫ್ರೀ, ಕೈಲಿ ಪೇಸ್ಟಬ್ ಇಟ್ಕೊಂಡು ಕೂತ್ರೆ ಅರ್ಧ ಗಂಟೆ ಕೆಲಸ.

ಗಂಟೆ ಲೆಕ್ಕದಲ್ಲಿ ಕನ್ಸಲ್ಟಿಂಗ್ ಮಾಡೋರು ಮೊದಲು ಗಂಟೆ ರೇಟನ್ನ ವರ್ಷದ 2,080 ಗಂಟೆಯಿಂದ ಗುಣಿಸಬೇಡಿ. 60 ಡಾಲರ್ ಅಂದ್ರೆ 1,24,800 ಅಂತ ಕನ್ಸಲ್ಟೆನ್ಸಿಯೋರು ಹೇಳ್ತಾರೆ, ಹಬ್ಬದ ರಜಕ್ಕೂ ಸಿಕ್ ಲೀವ್‌ಗೂ ದುಡ್ಡಿಲ್ಲ ಅಂದ್ರೆ ಇಪ್ಪತ್ತು ದಿನ ಕಳೀರಿ, 9,600 ಅಲ್ಲೇ ಹೋಯ್ತು, ಉಳಿದ ಮೊತ್ತದಿಂದ ಈ ಲೆಕ್ಕ ಶುರು ಮಾಡಿ. ಡಬ್ಲ್ಯೂ-2 (ಕಂಪನಿ ತನ್ನ ನೌಕರರಿಗೆ ಕೊಡೋ ವರ್ಷದ ಸಂಬಳ-ಟ್ಯಾಕ್ಸ್ ಚೀಟಿ) ಅಲ್ಲದೆ 1099 (ಸ್ವತಂತ್ರವಾಗಿ ಕೆಲಸ ಮಾಡೋರಿಗೆ ಕೊಡೋದು) ಮೇಲೆ ಕೆಲಸ ಅಂದ್ರೆ ಕಂಪನಿ ಪಾಲಿನ ಫೈಕಾನೂ ನಿಮ್ಮ ತಲೆಗೇ, ಒಟ್ಟು 15.3%.

ಮೊದಲನೇ ಪೇಸ್ಟಬ್ ಬಂದಾಗ ಈ ಪೇಪರ್ ಪಕ್ಕದಲ್ಲಿ ಇಟ್ಕೊಂಡು ಸಾಲು ಸಾಲಾಗಿ ನೋಡಿ. ಮೊದಲ ಪೇಚೆಕ್ ಅರ್ಧ ವಾರದ್ದಿರಬಹುದು, ಇನ್ಶೂರೆನ್ಸ್ ಇನ್ನೂ ಶುರು ಆಗಿರಲ್ಲ, ಹಂಗಾಗಿ ಎರಡನೇದೋ ಮೂರನೇದೋ ನೋಡಿದ್ರೇನೇ ಸರಿ. ಆಮೇಲೆ ಜನವರಿ ಕೊನೆಯಲ್ಲಿ ಡಬ್ಲ್ಯೂ-2 ಬರತ್ತೆ. ಎಚ್-1ಬಿ ಆದ ಮೇಲೆ, ವರ್ಷಪೂರ್ತಿ ಇದೇ ಸಂಬಳದಲ್ಲಿ ಕೆಲಸ ಮಾಡಿದ್ರೆ, ನಮ್ಮ ಹುಡುಗನಿಗೆ ಒಂದನೇ ಬಾಕ್ಸ್‌ನಲ್ಲಿ 82,940 ಇರಬೇಕು, ಮೂರು ಮತ್ತೆ ಐದನೇ ಬಾಕ್ಸ್‌ನಲ್ಲಿ 88,400. ಮೂರೂ ಕಡೆ 91,000 ಅಂತಾನೇ ಇದ್ರೆ ಅವನ ಪ್ರೀಮಿಯಂನೂ 401ಕೆನೂ ಟ್ಯಾಕ್ಸ್ ಕಟ್ ಆದ್ಮೇಲೆ ತೆಗೀತಾ ಇದಾರೆ ಅಂತ ಅರ್ಥ, ಅವತ್ತೇ ಪೇರೋಲ್‌ನೋರಿಗೆ ಮೇಲ್ ಹೋಗಬೇಕು.